ತಂಗಿಯ ಮಕ್ಕಳು ನನ್ನ ಮನೆಯಲ್ಲಿದ್ದಾರೆ, ಸಹಿ ಯಾರು ಹಾಕಬೇಕು?

ಪ್ರಶ್ನೆ: ಮೇಡಂ, ನಾವು ಮೂಡಿಗೆರೆ ತಾಲ್ಲೂಕಿನವರು. ನನ್ನ ತಂಗಿ ತೀರಿಕೊಂಡು ಒಂದೂವರೆ ವರ್ಷವಾಯಿತು. ಅವಳ ಮಗಳಿಗೆ 9 ವರ್ಷ, ಮಗನಿಗೆ 6. ತಂಗಿ ಕಾಫಿ ಎಸ್ಟೇಟಿನಲ್ಲಿ ಕೆಲಸಕ್ಕಿದ್ದಳು, ಪಿ.ಎಫ್. ಹಿಡಿಯುತ್ತಿದ್ದರು. ತಿಥಿ ಮುಗಿದ ಮೇಲೆ ಮಕ್ಕಳನ್ನು ನಾನೇ ಕರಕೊಂಡು ಬಂದೆ. ಅವರಪ್ಪ ಬೆಂಗಳೂರಿನಲ್ಲಿ ಡ್ರೈವರ್. ಮೊದಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ, ಕೈಲಾದಷ್ಟು ಕೊಡುತ್ತಿದ್ದ. ಈಗ ಏಳೆಂಟು ತಿಂಗಳಿಂದ ಹಬ್ಬಕ್ಕೊಂದು ಫೋನು ಬಿಟ್ಟರೆ ಇಲ್ಲ. ಇನ್ನೊಂದು ಮದುವೆಯ ಮಾತು ನಡೆದಿದೆಯಂತೆ. ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ ಅಂತ ಹಿರಿಯರು ಹೇಳಿದ್ದು ಸುಳ್ಳಲ್ಲ.

ನನಗೆ ಒಬ್ಬಳೇ ಮಗಳು, ಈ ವರ್ಷ ಎಸ್ಸೆಸ್ಸೆಲ್ಸಿ. ನಮ್ಮ ಯಜಮಾನರು ಪಿಕಪ್ ಓಡಿಸುತ್ತಾರೆ, ಈ ಮಕ್ಕಳನ್ನೂ ಅವಳ ಹಾಗೇ ನೋಡಿಕೊಳ್ಳುತ್ತಾರೆ. ಶಾಲೆಯಲ್ಲಿ ಪ್ರತಿಯೊಂದಕ್ಕೂ ಅಪ್ಪನ ಸಹಿ ಬೇಕು ಅನ್ನುತ್ತಾರೆ. ಸಕಲೇಶಪುರದಲ್ಲಿರುವ ಮಕ್ಕಳ ಚಿಕ್ಕಪ್ಪ, ‘ಗಂಡು ಮಗುವನ್ನು ನಾವು ಕರಕೊಂಡು ಹೋಗ್ತೀವಿ, ಹೆಣ್ಣು ನಿಮ್ಮಲ್ಲೇ ಇರಲಿ’ ಎನ್ನುತ್ತಿದ್ದಾರೆ. ಪರಿಚಯದವರೊಬ್ಬರು ಛಾಪಾ ಕಾಗದದಲ್ಲಿ ದತ್ತು ಪತ್ರ ಬರೆಸಿ ನೋಟರಿ ಮಾಡಿಸಿ ಅಂದರು. ಅಂಗನವಾಡಿ ಟೀಚರ್ ಸರ್ಕಾರದಿಂದ ತಿಂಗಳಿಗೆ ನಾಲ್ಕು ಸಾವಿರ ಬರುತ್ತೆ ಅಂತಾರೆ. ಪಕ್ಕದ ಮನೆಯವರು, ಆ ಆಫೀಸಿಗೆ ಹೆಸರು ಕೊಟ್ಟರೆ ಮಕ್ಕಳನ್ನು ಬಾಲಮಂದಿರಕ್ಕೆ ಹಾಕಿಬಿಡ್ತಾರೆ ಅಂತ ಹೆದರಿಸಿದ್ದಾರೆ. ಹುಡುಗ ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾನೆ. ಹುಡುಗಿ ರಾತ್ರಿ ಮಲಗುವಾಗ, ‘ದೊಡ್ಡಮ್ಮ, ನಮ್ಮನ್ನ ಕಳಿಸಿಬಿಡ್ತೀಯಾ?’ ಎಂದು ಕೇಳುತ್ತಾಳೆ. ನಾನು ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ದತ್ತಿನ ಬಗ್ಗೆ, ಸಹಿಯ ಬಗ್ಗೆ, ದುಡ್ಡಿನ ಬಗ್ಗೆ. ಪತ್ರವನ್ನು ಎರಡು ಸಲ ಓದಿದೆ. ಎಲ್ಲದರ ಅಡಿಯಲ್ಲಿ ಒಂದೇ ಹೆದರಿಕೆ ಕಾಣಿಸಿತು: ನಾಳೆ ಯಾರಾದರೂ ಬಂದು ಮಕ್ಕಳ ಕೈ ಹಿಡಿದು ನಡೆದರೆ, ತಡೆಯಲು ನನ್ನ ಹತ್ತಿರ ಏನಿದೆ? ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇಪ್ಪತ್ತು ವರ್ಷಗಳಿಂದ ಇಂಥ ಮನೆಗಳ ಜೊತೆ ಓಡಾಡಿದ್ದೇನೆ. ಅಜ್ಜಿ, ದೊಡ್ಡಮ್ಮ, ಸೋದರಮಾವ, ಅತ್ತೆ, ಯಾರೇ ಮಗು ಸಾಕುತ್ತಿರಲಿ, ಈ ಪ್ರಶ್ನೆ ಕೇಳದವರನ್ನು ನಾನು ಕಂಡಿಲ್ಲ. ಕೇಳಲು ತಡಮಾಡಿದವರು ಮಾತ್ರ ಬಹಳ ಮಂದಿ. ನೀವು ಒಂದೂವರೆ ವರ್ಷದಲ್ಲೇ ಕೇಳಿದ್ದೀರಿ, ಒಳ್ಳೆಯದಾಯಿತು.

ನಮ್ಮ ಕಡೆ ‘ಸಾಕಿಕೊಂಡಿದ್ದೇವೆ’ ಎಂಬ ಒಂದೇ ಮಾತಿನಲ್ಲಿ ಮೂರು ಸಂಗತಿ ಸೇರಿಹೋಗಿವೆ. ಮಗುವನ್ನು ಮನೆಯಲ್ಲಿಟ್ಟು ಬೆಳೆಸುವುದು ಒಂದು. ಆ ಮಗುವಿನ ಪರವಾಗಿ ಸಹಿ ಹಾಕುವ, ತೀರ್ಮಾನ ತೆಗೆದುಕೊಳ್ಳುವ ಅಧಿಕಾರ, ಅಂದರೆ ಪಾಲಕತ್ವ, ಇನ್ನೊಂದು. ಕಾನೂನಿನ ಕಣ್ಣಲ್ಲಿ ಆ ಮಗು ನಿಮ್ಮ ಹೊಟ್ಟೆಯಲ್ಲೇ ಹುಟ್ಟಿದ್ದು ಎಂದಾಗುವುದು ದತ್ತು. ಮೊದಲನೆಯದನ್ನು ನೀವು ಆಗಲೇ ಮಾಡುತ್ತಿದ್ದೀರಿ. ಈಗ ನಿಮಗೆ ತುರ್ತಾಗಿ ಬೇಕಾಗಿರುವುದು ಎರಡನೆಯದು. ನಿಮಗೆ ಸಲಹೆ ಕೊಟ್ಟವರೆಲ್ಲ ನೇರವಾಗಿ ಮೂರನೆಯದಕ್ಕೆ ಹಾರಿದ್ದಾರೆ, ಅದೂ ತಪ್ಪು ದಾರಿಯಲ್ಲಿ.

ನೋಟರಿ ಪತ್ರದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಅದು ಅವಸರದಲ್ಲಿ ಆಗಿಬಿಡುವ ಕೆಲಸ. ದಯವಿಟ್ಟು ಮಾಡಿಸಬೇಡಿ. ಹಿಂದೂಗಳಿಗೆ 1956ರ ದತ್ತು ಮತ್ತು ಜೀವನಾಂಶ ಕಾಯ್ದೆ ಇದೆ, ಅದರಡಿ ಮನೆಯಲ್ಲೇ ಶಾಸ್ತ್ರೋಕ್ತವಾಗಿ ಕೊಟ್ಟು ತೆಗೆದುಕೊಂಡು ಪತ್ರ ನೋಂದಾಯಿಸುವ ದಾರಿಯೂ ಇದೆ, ನಿಜ. ಆದರೆ ಆ ಕಾಯ್ದೆಗೆ ಅದರದೇ ಷರತ್ತುಗಳಿವೆ. ಮನೆಯಲ್ಲಿ ಮಗಳಿರುವವರು ಇನ್ನೊಂದು ಹೆಣ್ಣು ಮಗುವನ್ನು ಆ ಕಾಯ್ದೆಯಡಿ ದತ್ತು ತೆಗೆದುಕೊಳ್ಳುವಂತಿಲ್ಲ. ನಿಮಗೆ ಮಗಳಿದ್ದಾಳೆ, ಹಾಗಾಗಿ ತಂಗಿಯ ಮಗಳ ಹೆಸರಿನಲ್ಲಿ ಬರೆಸುವ ಪತ್ರ ಬರೆಸಿದ ದಿನವೇ ಬಿದ್ದುಹೋಗುತ್ತದೆ. ಗಂಡು ಮಗುವಿನ ವಿಷಯದಲ್ಲಿ ಆ ಅಡ್ಡಿ ಇಲ್ಲ. ಆದರೆ ತಂದೆ ಬದುಕಿರುವಾಗ ಮಗುವನ್ನು ಕೊಡಬೇಕಾದವರು ತಂದೆಯೇ, ದೊಡ್ಡಮ್ಮ ತನಗೆ ತಾನೇ ಕೊಟ್ಟುಕೊಳ್ಳಲು ಬರುವುದಿಲ್ಲ. ಬರೀ ನೋಟರಿಯ ಮುದ್ರೆಗೆ, ನೋಂದಣಿಯಾದ ದತ್ತು ಪತ್ರಕ್ಕೆ ಕಾನೂನು ಕೊಡುವ ಬೆಲೆ ಇಲ್ಲ.

ಬೇಲೂರು ಕಡೆಯ ಒಂದು ಮನೆಯ ಕಥೆ ನನಗೆ ಇನ್ನೂ ನೋವು ಕೊಡುತ್ತದೆ. ಅವರೂ ಹೀಗೇ ಪತ್ರ ಬರೆಸಿ, ಆ ಧೈರ್ಯದ ಮೇಲೆ ಶಾಲೆಯಲ್ಲಿ ತಂದೆ-ತಾಯಿಯ ಜಾಗಕ್ಕೆ ತಮ್ಮ ಹೆಸರು ಹಾಕಿಸಿದರು. ಜನನ ಪ್ರಮಾಣಪತ್ರದಲ್ಲಿ ಒಬ್ಬ ಅಪ್ಪ, ಶಾಲೆಯ ದಾಖಲೆಯಲ್ಲಿ ಇನ್ನೊಬ್ಬ ಅಪ್ಪ. ಹುಡುಗಿ ಪಿಯುಸಿ ಮುಗಿಸಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ ಗಂಟು ಬಿಚ್ಚಿಕೊಂಡಿತು. ಅದನ್ನು ಸರಿಪಡಿಸಲು ನಾಡಕಚೇರಿ, ಶಾಲೆ, ಕೋರ್ಟು ಎಂದು ಎರಡು ವರ್ಷ ಅಲೆದರು. ಮಗುವಿನ ಮೇಲಿನ ಪ್ರೀತಿಗೇ ಮಾಡಿದ್ದು, ಆದರೆ ಬೆಲೆ ತೆತ್ತದ್ದು ಮಗು. ನಿಮ್ಮ ಮಕ್ಕಳ ದಾಖಲೆಯಲ್ಲಿ ಹೆತ್ತವರ ಹೆಸರು ಹೇಗಿದೆಯೋ ಹಾಗೇ ಇರಲಿ. ನಿಮ್ಮ ಹೆಸರು ‘ಪಾಲಕರು’ ಎಂಬ ಕಡೆ ಬರಲಿ.

ಶಾಲೆಯ ವಿಷಯಕ್ಕೆ ಬಂದರೆ, ನಿಮಗೆ ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಬಲವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪಾಲಕ ಎಂದರೆ ಮಗುವಿನ ಆರೈಕೆ ಮತ್ತು ಸುಪರ್ದಿ ಯಾರ ಬಳಿ ಇದೆಯೋ ಅವರು ಎಂದೇ ಹೇಳುತ್ತದೆ. ಕೋರ್ಟು ನೇಮಿಸಿದವರೂ ಅದರಲ್ಲಿ ಸೇರುತ್ತಾರೆ, ಆದರೆ ಅವರು ಮಾತ್ರ ಎಂದಿಲ್ಲ. ಒಂದರಿಂದ ಎಂಟನೇ ತರಗತಿವರೆಗೆ ದಾಖಲಾತಿ, ಪೋಷಕರ ಸಭೆ, ರಜೆ ಪತ್ರ, ಬಿಸಿಯೂಟ, ಸಮವಸ್ತ್ರ ಇವಕ್ಕೆಲ್ಲ ನಿಮ್ಮ ಸಹಿ ಸಾಕು. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸುವಂತೆಯೂ ಇಲ್ಲ. ಮುಖ್ಯೋಪಾಧ್ಯಾಯರಿಗೆ ಇದನ್ನು ಜಗಳದ ದನಿಯಲ್ಲಿ ಹೇಳಬೇಡಿ. ಬಹುತೇಕ ಮೇಷ್ಟ್ರುಗಳು ಒಳ್ಳೆಯ ಮನಸ್ಸಿನವರೇ, ನಾಳೆ ಅಪ್ಪ ಬಂದು ಗಲಾಟೆ ಮಾಡಿದರೆ ಎಂಬ ಭಯ ಅವರಿಗೂ ಇರುತ್ತದೆ. ತಂಗಿಯ ಮರಣ ಪ್ರಮಾಣಪತ್ರದ ಪ್ರತಿ ಸೇರಿಸಿ ಒಂದು ಅರ್ಜಿ ಬರೆದುಕೊಡಿ: ಇಂಥ ದಿನದಿಂದ ಈ ಮಕ್ಕಳು ನಮ್ಮ ಮನೆಯಲ್ಲಿದ್ದಾರೆ, ನಮಗೆ ಇಂಥ ಸಂಬಂಧ, ಶಾಲೆಯ ವ್ಯವಹಾರಕ್ಕೆ ಪಾಲಕರೆಂದು ನನ್ನ ಹೆಸರು ದಾಖಲಿಸಿ. ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡು ಜೋಪಾನ ಮಾಡಿ. ಮಕ್ಕಳು ಎಂದಿನಿಂದ ನಿಮ್ಮ ಬಳಿ ಇದ್ದಾರೆ ಎಂಬುದಕ್ಕೆ ಮುಂದೆ ಅದೇ ಮೊದಲ ಸಾಕ್ಷಿಯಾಗುತ್ತದೆ.

ಶಾಲೆಯ ಆಚೆ ಇಷ್ಟು ಸುಲಭವಿಲ್ಲ. ಮಗುವಿಗೆ ಶಸ್ತ್ರಚಿಕಿತ್ಸೆ, ಬ್ಯಾಂಕಿನಲ್ಲಿ ಮಗುವಿನ ಹಣ, ಜಮೀನಿನ ವಿಷಯ ಬಂದ ಕೂಡಲೇ ಕಾನೂನು ಕೇಳುವುದು ಸಹಜ ಪಾಲಕರನ್ನು. ತಾಯಿ ಇಲ್ಲದಾಗ ಅದು ತಂದೆ. ಅವರು ಎಷ್ಟೇ ದೂರವಿರಲಿ, ಇನ್ನೊಂದು ಮದುವೆಯಾಗಲಿ, ಆ ಸ್ಥಾನ ತಾನಾಗಿ ಹೋಗುವುದಿಲ್ಲ. ‘ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ’ ಎಂಬ ಮಾತು ನೋವಿನಿಂದ ಹುಟ್ಟಿದ್ದು, ನನಗೆ ಅರ್ಥವಾಗುತ್ತದೆ. ಆದರೆ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕಚೇರಿಗೆ ಹೋದರೆ ನಿಮ್ಮ ಕೆಲಸ ಕೆಡುತ್ತದೆ. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಹೇಳುತ್ತೇನೆ, ಇಂಥ ಪ್ರಕರಣ ಯಾವ ಕಡೆಗೂ ವಾಲಬಹುದು ಎಂಬುದು ನಿಮಗೆ ಗೊತ್ತಿರಲಿ. 2008ರ ಒಂದು ತೀರ್ಪಿನಲ್ಲಿ, ಹೆಂಡತಿಯ ವರದಕ್ಷಿಣೆ ಸಾವಿನ ಆರೋಪ ಹೊತ್ತಿದ್ದ ತಂದೆಗೆ ಮಗುವನ್ನು ಕೊಡಲು ಒಪ್ಪದೆ, ತಾಯಿಯ ಅಪ್ಪ-ಅಮ್ಮನ ಬಳಿಯೇ ಬಿಟ್ಟರು. ಮಗುವಿನ ಇಷ್ಟವೇನು, ಒಳಿತೇನು ಎಂದು ಕೆಳಗಿನ ಕೋರ್ಟುಗಳು ಸರಿಯಾಗಿ ನೋಡಿಲ್ಲ ಎಂದರು. 2019ರ ಇನ್ನೊಂದರಲ್ಲಿ, ತಾಯಿಗೆ ಕ್ಯಾನ್ಸರ್, ಅದೇ ಹೊತ್ತಿಗೆ ತಂದೆಯೂ ಕಾಯಿಲೆ ಬಿದ್ದಿದ್ದರಿಂದ ತಾಯಿಯ ಕಡೆಯವರು ಮಗುವನ್ನು ಸಾಕಿದ್ದರು. ತಂದೆ ಚೇತರಿಸಿಕೊಂಡು ಕೇಳಿದಾಗ ಕೋರ್ಟು ಮಗುವನ್ನು ತಂದೆಗೇ ಕೊಟ್ಟಿತು. ಸಾಕಿದವರ ಪ್ರೀತಿಯನ್ನು ಅಲ್ಲಿ ಯಾರೂ ಅನುಮಾನಿಸಲಿಲ್ಲ. ಆದರೂ ಒಳ್ಳೆಯ ತಂದೆ ಬಂದು ಕೇಳಿದಾಗ ಬರೀ ಪ್ರೀತಿ ಸಾಕಾಗಲಿಲ್ಲ.

ಹಾಗಾಗಿ ಆ ತಂದೆಯನ್ನು ಶತ್ರು ಮಾಡಿಕೊಳ್ಳದೆ ಇರುವುದೇ ಇವತ್ತು ನಿಮ್ಮ ದೊಡ್ಡ ಬಲ. ಹಬ್ಬಕ್ಕೊಂದು ಫೋನು ಬರುತ್ತಿದೆಯಲ್ಲ, ಅದನ್ನು ಉಳಿಸಿಕೊಳ್ಳಿ. ಮದುವೆಯ ಮಾತು ನಡೆದಿರುವ ಈ ಹೊತ್ತಿನಲ್ಲಿ, ಮಕ್ಕಳು ಎಲ್ಲಿರಬೇಕು ಎಂಬ ಗೊಂದಲ ಅವರಿಗೂ ಇರುತ್ತದೆ. ಮನೆಯ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಮಾತಾಡಿ: ಮಕ್ಕಳನ್ನು ನಿನ್ನಿಂದ ಕಿತ್ತುಕೊಳ್ಳುತ್ತಿಲ್ಲ, ಯಾವಾಗ ಬೇಕಾದರೂ ಬಂದು ನೋಡು, ಆದರೆ ಅವರ ಓದು, ಆಸ್ಪತ್ರೆಗೆ ನನಗೆ ಅಧಿಕಾರ ಬೇಕು. ಒಪ್ಪಿದರೆ ಬರಹದಲ್ಲಿ ಪಡೆಯಿರಿ, ಅವರ ಆಧಾರ್, ಜಾತಿ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರಗಳ ಪ್ರತಿಗಳನ್ನೂ ಆಗಲೇ ಕೇಳಿ ಇಟ್ಟುಕೊಳ್ಳಿ. ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ತಂದೆಯ ಕಡೆಯ ದಾಖಲೆಯೇ ಬೇಕಾಗುತ್ತದೆ. ಸಂಬಂಧ ಕೆಟ್ಟ ಮೇಲೆ ಒಂದು ಝೆರಾಕ್ಸ್‌ಗಾಗಿ ವರ್ಷಗಟ್ಟಲೆ ಕಾದವರನ್ನು ನೋಡಿದ್ದೇನೆ.

ಇನ್ನು ಎಲ್ಲಿಗೆ ಹೋಗಬೇಕು ಎಂಬುದು. ಇಲ್ಲೇ ನಿಮ್ಮ ಪಕ್ಕದ ಮನೆಯವರ ಹೆದರಿಕೆಗೂ ಉತ್ತರ ಹೇಳಬೇಕು.

ಪ್ರತಿ ಜಿಲ್ಲೆಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಒಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿದೆ, ಜೊತೆಗೆ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಮಕ್ಕಳ ಕಲ್ಯಾಣ ಸಮಿತಿಯಿದೆ. ಮಕ್ಕಳು ಇರುವುದು ನಿಮ್ಮ ಮನೆಯಲ್ಲಿ, ಆದ್ದರಿಂದ ನಿಮಗೆ ಚಿಕ್ಕಮಗಳೂರಿನ ಸಮಿತಿ. ಚಿಕ್ಕಪ್ಪ ಸಕಲೇಶಪುರದವರೆಂದು ಹಾಸನಕ್ಕೆ ಹೋಗಬೇಕಿಲ್ಲ. ನಾನೂ ಹಿಂದೆ ಒಂದು ಅವಧಿಗೆ ಇಂಥ ಸಮಿತಿಯಲ್ಲಿ ಸದಸ್ಯೆಯಾಗಿದ್ದೆ. ಬಾಗಿಲಲ್ಲಿ ನಿಂತು ಒಳಗೆ ಬರಲು ಹೆದರುತ್ತಿದ್ದ ಅಜ್ಜಿಯರ ಮುಖ ಈಗಲೂ ಕಣ್ಣ ಮುಂದಿದೆ. ಆ ಹೆದರಿಕೆ ಗಾಳಿಯಿಂದ ಬಂದದ್ದಲ್ಲ. ಮನೆಯವರಿದ್ದೂ ಮಕ್ಕಳನ್ನು ಬಾಲಮಂದಿರದಲ್ಲಿ ಇಟ್ಟ ಕಾಲವೊಂದಿತ್ತು, ಈಗಲೂ ಕೆಲವು ಕಡೆ ಅವಸರದ ತೀರ್ಮಾನಗಳು ಆಗುತ್ತವೆ. ಆದರೆ 2015ರ ಬಾಲನ್ಯಾಯ ಕಾಯ್ದೆ ತನ್ನ ಮೂಲ ತತ್ವಗಳಲ್ಲೇ ಸ್ಪಷ್ಟವಾಗಿ ಬರೆದಿದೆ: ಮಗುವಿನ ಹೊಣೆ ಮೊದಲು ಕುಟುಂಬದ್ದು, ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ. ಮಗು ಯಾರ ಸುಪರ್ದಿಯಲ್ಲಿ ನಿಜವಾಗಿ ಇದೆಯೋ ಅವರನ್ನು ಪಾಲಕರೆಂದು ಪರಿಗಣಿಸುವ ಅಧಿಕಾರವನ್ನು ಅದೇ ಕಾಯ್ದೆ ಸಮಿತಿಗೆ ಕೊಟ್ಟಿದೆ. ಮಗುವನ್ನು ‘ಯೋಗ್ಯ ವ್ಯಕ್ತಿ’ ಎಂದು ಒಬ್ಬರಿಗೆ ಒಪ್ಪಿಸಲೂ ಬರುತ್ತದೆ. ಊಟ, ಶಾಲೆ, ಸುರಕ್ಷತೆ ಇರುವ ದೊಡ್ಡಮ್ಮನ ಮನೆಯಿಂದ ಮಗುವನ್ನು ಎತ್ತಿ ಬಾಲಮಂದಿರಕ್ಕೆ ಹಾಕಲು ಸಮಿತಿಗೆ ಕಾರಣವಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಮಗುವನ್ನು ಕೆಲಸಕ್ಕೆ ಹಚ್ಚಿದ್ದರೆ ಆ ಮಾತು ಬೇರೆ.

ಅಲ್ಲಿ ನಡೆಯುವುದು ಹೀಗೆ. ನೀವು ಅರ್ಜಿ ಕೊಡುತ್ತೀರಿ. ಘಟಕದ ಸಮಾಜ ಕಾರ್ಯಕರ್ತರು ಮನೆಗೆ ಬಂದು, ನಿಮ್ಮ ಜೊತೆ, ಮಕ್ಕಳ ಜೊತೆ, ಅಕ್ಕಪಕ್ಕದವರ ಜೊತೆ, ಶಾಲೆಯಲ್ಲಿ ಮಾತಾಡಿ ವರದಿ ಬರೆಯುತ್ತಾರೆ. ಕಾಯ್ದೆ ಇದಕ್ಕೆ ಕೊಟ್ಟಿರುವುದು 15 ದಿನ, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು. ವಾಸ್ತವದಲ್ಲಿ ಇನ್ನೂ ಒಂದೆರಡು ಸಲ ಓಡಾಟ ಆಗುತ್ತದೆ, ಅದಕ್ಕೆ ಸಿದ್ಧರಾಗಿರಿ. ತಂದೆಗೂ ಕರೆ ಹೋಗುತ್ತದೆ. ಮನೆ ನೋಡಲು ಬರುತ್ತಾರೆಂದು ಗೋಡೆಗೆ ಸುಣ್ಣ ಬಳಿಸುವ ಅಗತ್ಯವಿಲ್ಲ (ಹಾಗೆ ಮಾಡಿಸಿದವರಿದ್ದಾರೆ). ಅವರು ನೋಡುವುದು ಮಗು ಎಲ್ಲಿ ಮಲಗುತ್ತದೆ, ಯಾರಿಗೆ ಅಂಟಿಕೊಂಡಿದೆ, ಶಾಲೆಗೆ ದಿನಾ ಹೋಗುತ್ತದೆಯೇ ಎಂದು.

ಒಂದು ಅಪಾಯ ಹೇಳಿಬಿಡುತ್ತೇನೆ. ಸಮಿತಿಯ ಮುಂದೆ ಹೋದ ಮೇಲೆ ವಿಷಯ ನಿಮ್ಮ ಮನೆಯ ಗುಟ್ಟಾಗಿ ಉಳಿಯುವುದಿಲ್ಲ. ಚಿಕ್ಕಪ್ಪನೂ ಬಂದು ತನ್ನ ಮಾತು ಹೇಳಬಹುದು, ತಂದೆ ಎದ್ದು ನಿಂತು ‘ನನ್ನ ಮಕ್ಕಳು ನನಗೆ ಬೇಕು’ ಎನ್ನಬಹುದು. ಅದನ್ನೆಲ್ಲ ತೂಗಿದ ಮೇಲೂ ನಾನು ಹೋಗಿ ಎಂದೇ ಹೇಳುತ್ತೇನೆ. ಆ ಮಾತು ಇವತ್ತಲ್ಲ ನಾಳೆ ಬರುವುದೇ. ಬಸ್ ಸ್ಟ್ಯಾಂಡಿನಲ್ಲಿ ಮಗುವನ್ನು ಎಳೆದಾಡಿಕೊಂಡು ಬರುವುದಕ್ಕಿಂತ ಐದು ಜನರ ಮುಂದೆ, ವರದಿ ಇಟ್ಟುಕೊಂಡು ಬರುವುದು ಮಕ್ಕಳಿಗೆ ಒಳ್ಳೆಯದು.

ಸಮಿತಿಯ ಆದೇಶ ಸಾಕಾಗದ ಕೆಲಸಗಳಿಗೆ, ಮುಖ್ಯವಾಗಿ ಹಣ ಮತ್ತು ಆಸ್ತಿಗೆ, 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಕೋರ್ಟಿನಿಂದ ಪಾಲಕತ್ವದ ಆದೇಶ ಪಡೆಯಬೇಕಾಗುತ್ತದೆ. ಮಕ್ಕಳು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ. ಬದುಕಿರುವ ತಂದೆ ಅನರ್ಹರೆಂದು ಕೋರ್ಟಿಗೆ ಮನದಟ್ಟಾಗದ ಹೊರತು ಮಗುವಿನ ಪಾಲಕತ್ವವನ್ನು ಬೇರೆಯವರಿಗೆ ಕೊಡುವುದಿಲ್ಲ. ತಂದೆಯೇ ಬಂದು ಒಪ್ಪಿಗೆ ಹೇಳಿದರೆ ದಾರಿ ಬಹಳ ಹಗುರ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡಬೇಕು. ಮೂಡಿಗೆರೆ ಕೋರ್ಟಿನಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ತಂದೆ ಖರ್ಚಿಗೆ ಏನೂ ಕೊಡದಿದ್ದರೆ ಮಕ್ಕಳ ಹೆಸರಿನಲ್ಲಿ ಜೀವನಾಂಶ ಕೇಳಲೂ ಬರುತ್ತದೆ. ಆ ಅಸ್ತ್ರವನ್ನು ಈಗಲೇ ತೆಗೆಯಬೇಡಿ, ಮಾತುಕತೆ ಮುರಿದರೆ ಮಾತ್ರ.

ದುಡ್ಡಿನ ಮಾತು. ಅಂಗನವಾಡಿ ಟೀಚರ್ ಹೇಳಿದ್ದು ಮಿಷನ್ ವಾತ್ಸಲ್ಯ ಎಂಬ ಕೇಂದ್ರದ ಮಕ್ಕಳ ರಕ್ಷಣಾ ಕಾರ್ಯಕ್ರಮದ ಪ್ರಾಯೋಜಕತ್ವ ಯೋಜನೆ, ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಪೋಷಕತ್ವ ಎಂಬ ಇನ್ನೊಂದು ಯೋಜನೆಯೂ ಇದೆ, ಹೆಸರು ಹತ್ತಿರವಿರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅದು ಮುಖ್ಯವಾಗಿ ಸಂಬಂಧವಿಲ್ಲದ ಕುಟುಂಬ ಸಮಿತಿಯ ಮೂಲಕ ಮಗುವನ್ನು ತಂದು ಸಾಕುವುದು. ನೀವು ಕೇಳಬೇಕಾದ್ದು ಪ್ರಾಯೋಜಕತ್ವ. ಅದರ ಪಟ್ಟಿಯಲ್ಲಿ ತಂದೆ-ತಾಯಿ ಇಬ್ಬರೂ ಇಲ್ಲದೆ ನೆಂಟರ ಮನೆಯಲ್ಲಿರುವ ಮಕ್ಕಳು ಬರುತ್ತಾರೆ. ನಿಮ್ಮ ಮಕ್ಕಳಿಗೆ ತಂದೆ ಇದ್ದಾರೆ, ಹಾಗಾಗಿ ಆ ಸಾಲಿಗೆ ನೇರವಾಗಿ ಸೇರುವುದಿಲ್ಲ. ಇವರು ರಕ್ಷಣೆ ಮತ್ತು ಪೋಷಣೆ ಬೇಕಾದ ಮಕ್ಕಳು ಎಂದು ಸಮಿತಿ ಒಪ್ಪಿದರೆ ದಾರಿ ತೆರೆಯಬಹುದು, ಖಾತ್ರಿ ಕೊಡಲಾರೆ. ಕುಟುಂಬದ ವರಮಾನ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ರೂಪಾಯಿ ದಾಟಬಾರದು ಎಂಬ ಷರತ್ತೂ ಇದೆ. 72,000 ಎಂದರೆ ತಿಂಗಳಿಗೆ ಆರು ಸಾವಿರ. ಗಂಡ ಹೆಂಡತಿ ಇಬ್ಬರೂ ತೋಟದ ಕೂಲಿಗೆ ಹೋದರೂ ಸಾಕು, ಲೆಕ್ಕ ಅದನ್ನು ದಾಟಿಬಿಡುತ್ತದೆ. ಇನ್ನೊಬ್ಬರ ಮಕ್ಕಳನ್ನು ತಮ್ಮ ತಟ್ಟೆಯ ಅನ್ನದಲ್ಲಿ ಸಾಕುವ ಮನೆಗೆ ಈ ಮಿತಿ ಹಾಕುವುದು ಅನ್ಯಾಯವೆಂದು ನಾನು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ, ಇಲ್ಲೂ ಹೇಳುತ್ತೇನೆ. ಆದರೂ ತಹಶೀಲ್ದಾರರ ಆದಾಯ ಪ್ರಮಾಣಪತ್ರ ಮಾಡಿಸಿ ಅರ್ಜಿ ಹಾಕಿ. ಸಿಗುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ.

ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಪಿ.ಎಫ್. ವಿಷಯ ನನಗೆ ಇದಕ್ಕಿಂತ ಮುಖ್ಯವಾಗಿ ಕಂಡಿತು. ಎಸ್ಟೇಟಿನ ರೈಟರ ಹತ್ತಿರ ತಂಗಿಯ ಯುಎಎನ್ (ಪಿ.ಎಫ್. ಸದಸ್ಯರಿಗೆ ಕೊಡುವ ಗುರುತಿನ ಸಂಖ್ಯೆ) ಕೇಳಿ ಪಡೆಯಿರಿ, ಕ್ಲೇಮ್ ಯಾರಾದರೂ ಹಾಕಿದ್ದಾರೆಯೇ ವಿಚಾರಿಸಿ. ಮೂರು ಬಗೆಯ ಹಣ ಇರುತ್ತದೆ. ಕೂಡಿಟ್ಟ ಭವಿಷ್ಯ ನಿಧಿ, ಅದಕ್ಕೆ ಫಾರಂ 20. ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರೆ ಇಡಿಎಲ್ಐ ವಿಮೆ, ಸಂಬಳ ಮತ್ತು ಸೇವೆಯ ಮೇಲೆ 7 ಲಕ್ಷದವರೆಗೆ, ಅದಕ್ಕೆ ಫಾರಂ 5-ಐಎಫ್. ಮೂರನೆಯದು 1995ರ ಪಿಂಚಣಿ ಯೋಜನೆ, ಫಾರಂ 10-ಡಿ. ಇದರಲ್ಲಿ ಗಂಡನಿಗೆ ಪಿಂಚಣಿ, ಜೊತೆಗೆ ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವವರೆಗೆ ಮಕ್ಕಳ ಪಿಂಚಣಿ, ಒಬ್ಬೊಬ್ಬರಿಗೆ ಕನಿಷ್ಠ 250 ರೂಪಾಯಿ. ಗಂಡ ಮರುಮದುವೆಯಾದರೆ ಅವರ ಪಿಂಚಣಿ ನಿಂತು ಮಕ್ಕಳ ಪಾಲಿನ ಲೆಕ್ಕ ಬದಲಾಗುತ್ತದೆ, ಅದನ್ನು ಚಿಕ್ಕಮಗಳೂರಿನ ಪಿ.ಎಫ್. ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿ. ತಿಂಗಳಿಗೆ 250 ಏನು ಮಹಾ ಎನ್ನಬೇಡಿ, ಹುಡುಗನಿಗೆ ಇನ್ನೂ ಹತ್ತೊಂಬತ್ತು ವರ್ಷ ಬರುವ ಹಣ ಅದು. ಮಕ್ಕಳ ಪಾಲನ್ನು ಅವರ ಪರವಾಗಿ ಸಹಿ ಹಾಕಿ ಪಡೆಯುವ ಹಕ್ಕು ಈಗ ಇರುವುದು ತಂದೆಗೆ. ಅದು ಮಕ್ಕಳ ಹೆಸರಿನ ಖಾತೆಗೇ ಹೋಗಬೇಕು ಎಂದು ಸಮಿತಿಯ ಮುಂದೆ ಕೇಳಿಕೊಳ್ಳಿ. ಪಾಲಕತ್ವದ ಆದೇಶ ಬೇಕು ಎಂದು ನಾನು ಹೇಳುತ್ತಿರುವುದಕ್ಕೆ ಮುಖ್ಯ ಕಾರಣ ಇದೇ.

ಆಸ್ತಿಯ ಬಗ್ಗೆ ನೀವು ಏನೂ ಬರೆದಿಲ್ಲ. ಆದರೆ ಗಂಡು ಮಗು ಮಾತ್ರ ಬೇಕು ಎನ್ನುವ ಮಾತಿನ ಹಿಂದೆ ಬಹಳ ಸಲ ಒಂದು ತುಂಡು ಕಾಫಿ ತೋಟ ಇರುತ್ತದೆ. ಚಿಕ್ಕಪ್ಪನ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ವಂಶದ ಕುಡಿ ಎಂಬ ನಿಜವಾದ ಕಳಕಳಿಯೇ ಇರಬಹುದು. ಪಿತ್ರಾರ್ಜಿತದಲ್ಲಿ ಈಗ ಹೆಣ್ಣುಮಗಳಿಗೂ ಸಮಪಾಲು ಎಂಬುದನ್ನು ಯಾರಾದರೂ ಅವರಿಗೆ ಸೌಮ್ಯವಾಗಿ ನೆನಪಿಸಲಿ. ನಿಮ್ಮ ತಂಗಿಯ ಹೆಸರಿನಲ್ಲಿ ಏನಾದರೂ ಇದ್ದರೆ ಅದು ಇಬ್ಬರು ಮಕ್ಕಳಿಗೂ ಗಂಡನಿಗೂ ಸಮನಾಗಿ ಬರುತ್ತದೆ, ಮಕ್ಕಳ ಪಾಲಿನ ಜಮೀನನ್ನು ಕೋರ್ಟಿನ ಅನುಮತಿ ಇಲ್ಲದೆ ತಂದೆಯೂ ಮಾರುವಂತಿಲ್ಲ.

ಅಕ್ಕ-ತಮ್ಮನನ್ನು ಬೇರೆ ಮಾಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ಬೇಡ. ಅಮ್ಮ ಹೋದ ಮೇಲೆ ಈ ಇಬ್ಬರಿಗೆ ಹಳೆಯ ಮನೆಯಲ್ಲಿ ಉಳಿದದ್ದು ಒಬ್ಬರಿಗೊಬ್ಬರು ಮಾತ್ರ. ಒಡಹುಟ್ಟಿದವರನ್ನು ಆದಷ್ಟೂ ಒಂದೇ ಮನೆಯಲ್ಲಿ ಇಡಬೇಕೆಂಬುದು ದತ್ತು ನಿಯಮಗಳಲ್ಲೂ ಇರುವ ತತ್ವ. ಚಿಕ್ಕಪ್ಪನಿಗೆ ಇಲ್ಲ ಎನ್ನುವ ಬದಲು ಬೇರೆ ರೀತಿ ಕೇಳಿ ನೋಡಿ: ದಸರಾ ರಜೆಗೆ, ಬೇಸಿಗೆ ರಜೆಗೆ ಇಬ್ಬರನ್ನೂ ಕರಕೊಂಡು ಹೋಗಿ, ಅಜ್ಜಿಮನೆ ತಪ್ಪಬಾರದು. ಇಬ್ಬರನ್ನೂ ಎಂದಾಗ ಅವರು ಏನನ್ನುತ್ತಾರೆ ಎಂಬುದರಲ್ಲೇ ನಿಮಗೆ ಬಹಳಷ್ಟು ತಿಳಿಯುತ್ತದೆ. ಬಲವಂತವಾಗಿ ಹುಡುಗನನ್ನು ಕರೆದೊಯ್ಯಲು ಬಂದರೆ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಬಂದವರು ತಂದೆಯೇ ಆಗಿದ್ದರೆ ಪೊಲೀಸರು ತಡೆಯಲು ಹಿಂಜರಿಯುತ್ತಾರೆ. ಸಮಿತಿಯ ಆದೇಶವೊಂದು ಕೈಯಲ್ಲಿದ್ದರೆ ಆಗ ನಿಮ್ಮ ಮಾತಿಗೆ ತೂಕವಿರುತ್ತದೆ.

ದತ್ತು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮುಂದೊಂದು ದಿನ ತಂದೆ ಮನಸಾರೆ ಒಪ್ಪಿದರೆ ಬಾಲನ್ಯಾಯ ಕಾಯ್ದೆಯಡಿ ‘ಸಂಬಂಧಿಕರ ದತ್ತು’ ಎಂಬ ದಾರಿ ಇದೆ. ಅದರಲ್ಲಿ ಸಂಬಂಧಿಕರೆಂದರೆ ತಂದೆ ಅಥವಾ ತಾಯಿಯ ಒಡಹುಟ್ಟಿದವರು ಮತ್ತು ಎರಡೂ ಕಡೆಯ ಅಜ್ಜ-ಅಜ್ಜಿ, ಅಂದರೆ ನೀವು ಬರುತ್ತೀರಿ. ನಿಮಗೆ ಮಗಳಿರುವುದು ಅಲ್ಲಿ ಅಡ್ಡಿಯಾಗುವುದಿಲ್ಲ. ಯಾವ ಧರ್ಮದವರಾದರೂ ಸರಿ, ಈ ಪತ್ರ ಓದುತ್ತಿರುವ ಮುಸ್ಲಿಂ, ಕ್ರೈಸ್ತ ಮನೆಗಳವರಿಗೂ ಇದೇ ದಾರಿ. ‘ಕ್ಯಾರಿಂಗ್ಸ್’ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಿ, ತಂದೆಯ ಒಪ್ಪಿಗೆ, ಐದು ವರ್ಷ ದಾಟಿದ ಮಗುವಿನದೂ ಒಪ್ಪಿಗೆ ಇಟ್ಟು, ಮಕ್ಕಳ ರಕ್ಷಣಾ ಘಟಕದ ಮೂಲಕ ಅರ್ಜಿ ಹಾಕಬೇಕು. 2022ರ ಸೆಪ್ಟೆಂಬರಿನಿಂದ ದತ್ತಿನ ಆದೇಶ ಕೊಡುವವರು ಕೋರ್ಟಿನ ಬದಲು ಜಿಲ್ಲಾಧಿಕಾರಿ, ಅವರಿಗೆ ಕಾಯ್ದೆ ಕೊಟ್ಟಿರುವ ಅವಧಿ ಎರಡು ತಿಂಗಳು. ಒಮ್ಮೆ ಆದರೆ ಅದು ಹಿಂದಕ್ಕೆ ಬರುವುದಿಲ್ಲ. ಮಕ್ಕಳಿಗೆ ಈಗಾಗಲೇ ಬಂದಿರುವ ಆಸ್ತಿ ಅವರದೇ ಆಗಿ ಉಳಿದರೂ ಮುಂದೆ ಅಪ್ಪನ ಕಡೆಯಿಂದ ಬರಬಹುದಾದ ಹಕ್ಕಿನ ಕೊಂಡಿ ಕಳಚುತ್ತದೆ. ನಿಮ್ಮ ಯಜಮಾನರು, ನಿಮ್ಮ ಮಗಳು ಕೂತು ಮಾತಾಡದೆ ಆ ಹೆಜ್ಜೆ ಇಡಬೇಡಿ. ನಿಮ್ಮ ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗಂತೂ ಈ ಮಾತು ಎತ್ತಬೇಕಿಲ್ಲ. ಮನೆಯ ಗಮನವೆಲ್ಲ ಒಂದೂವರೆ ವರ್ಷದಿಂದ ಇಬ್ಬರು ಚಿಕ್ಕವರ ಕಡೆಗಿದೆ, ಆ ಹುಡುಗಿ ತನ್ನ ಚಿಕ್ಕಮ್ಮನನ್ನು ಕಳಕೊಂಡಿದ್ದಾಳೆ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಹುಡುಗ ಹಾಸಿಗೆ ಒದ್ದೆ ಮಾಡುವುದು ನಿಮ್ಮ ಸಾಕಣೆಯ ತಪ್ಪಲ್ಲ, ಅವನ ಹಟವೂ ಅಲ್ಲ. ಬಿಟ್ಟ ಅಭ್ಯಾಸ ಮರಳುವುದು ತಾಯಿ ಕಳೆದುಕೊಂಡ ಈ ವಯಸ್ಸಿನ ಮಕ್ಕಳಲ್ಲಿ ಸಾಮಾನ್ಯ. ಮನೆಯಲ್ಲಿ ಮತ್ತೆ ‘ಕರಕೊಂಡು ಹೋಗ್ತೀವಿ’ ಎಂಬ ಮಾತು ಓಡಾಡುತ್ತಿದೆಯಲ್ಲ, ಮಗುವಿನ ಕಿವಿಗೆ ಅದು ಬಿದ್ದೇ ಇರುತ್ತದೆ. ಬೈಯಬೇಡಿ, ಅಕ್ಕನ ಮುಂದೆ ನಗಬೇಡಿ, ನೀವು ಮಲಗುವ ಮುಂಚೆ ಅವನನ್ನು ಒಮ್ಮೆ ಎಬ್ಬಿಸಿ ಮೂತ್ರಕ್ಕೆ ಕಳಿಸಿ, ಒದ್ದೆಯಾದರೆ ಸದ್ದಿಲ್ಲದೆ ಬದಲಿಸಿ. ಮೂತ್ರದ ಸೋಂಕು ಇಲ್ಲವೆಂದು ಡಾಕ್ಟರರಿಗೆ ಒಮ್ಮೆ ತೋರಿಸಿ. ಮಾತು ಕಡಿಮೆಯಾದರೆ, ಆಟ ಬಿಟ್ಟರೆ, ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ಆ ಸಂಖ್ಯೆಗೆ ನಿಮ್ಮ ಸಲುವಾಗಿಯೂ ಮಾಡಬಹುದು. ಮಕ್ಕಳನ್ನು ಸಾಕುವ ಭರದಲ್ಲಿ ತಂಗಿಗಾಗಿ ಅಳಲು ನಿಮಗೆ ಪುರುಸೊತ್ತೇ ಸಿಕ್ಕಿಲ್ಲ ಎಂದು ಪತ್ರ ಓದುವಾಗ ಅನಿಸಿತು. ನಿಮ್ಮಂತೆಯೇ ನೆಂಟರ ಮಕ್ಕಳನ್ನು ಸಾಕುತ್ತಿರುವ ಇನ್ನೊಂದು ಮನೆಯನ್ನು ಪರಿಚಯ ಮಾಡಿಸಿ ಎಂದು ಘಟಕದ ಸಮಾಜ ಕಾರ್ಯಕರ್ತರನ್ನು ಕೇಳಿ. ನಾನು ಕಂಡಂತೆ ಯಾವ ಯೋಜನೆಗಿಂತಲೂ ಹೆಚ್ಚು ಕೆಲಸಕ್ಕೆ ಬಂದದ್ದು ಅಂಥ ಇಬ್ಬರು ಹೆಂಗಸರು ಕಾಫಿ ಕುಡಿಯುತ್ತಾ ಆಡಿದ ಮಾತು.

ಹುಡುಗಿ ಕೇಳುವ ಪ್ರಶ್ನೆಗೆ ‘ಎಂದೆಂದಿಗೂ ಇಲ್ಲ’ ಎನ್ನಬೇಡಿ, ಅದು ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ, ಒಂಬತ್ತು ವರ್ಷದ ಮಗುವಿಗೆ ಸುಳ್ಳು ತಿಳಿಯುತ್ತದೆ. ‘ನಾನಾಗಿ ನಿಮ್ಮನ್ನ ಯಾವತ್ತೂ ಕಳಿಸಲ್ಲ. ಎಲ್ಲಿರಬೇಕು ಅಂತ ದೊಡ್ಡವರು ಮಾತಾಡುವಾಗ ನಿನ್ನನ್ನೂ ಕೇಳ್ತಾರೆ. ತಮ್ಮ ನೀನು ಒಟ್ಟಿಗೇ ಇರಬೇಕು ಅಂತ ನಾನು ಹೇಳ್ತೀನಿ’ ಎನ್ನಿ. ಇದು ಮೂರೂ ನಿಜ.

ಮೊದಲ ಸಲ ಚಿಕ್ಕಮಗಳೂರಿಗೆ ಹೋಗುವಾಗ ಮಕ್ಕಳನ್ನು ಕರೆದೊಯ್ಯುವುದು ಬೇಡ, ಒಂದು ದಿನದ ಶಾಲೆ ತಪ್ಪುತ್ತದೆ. ತಂಗಿಯ ಮರಣ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ ಮತ್ತು ಆಧಾರ್, ನಿಮ್ಮ ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ, ಶಾಲೆಗೆ ಕೊಟ್ಟ ಅರ್ಜಿಯ ಮುದ್ರೆಯ ಪ್ರತಿ, ನಿಮಗೂ ತಂಗಿಗೂ ಸಂಬಂಧ ತೋರಿಸುವ ವಂಶವೃಕ್ಷ, ಇಷ್ಟನ್ನು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿಕೊಳ್ಳಿ. ಯಜಮಾನರನ್ನೂ ಜೊತೆಗೆ ಕರಕೊಂಡು ಹೋಗಿ, ಇದು ಇಬ್ಬರ ತೀರ್ಮಾನ ಎಂಬುದು ಅವರಿಗೆ ಕಾಣಲಿ. ಮಕ್ಕಳ ರಕ್ಷಣಾಧಿಕಾರಿಯನ್ನು ಕಂಡು ಅರ್ಜಿ ಕೊಡಿ, ಸಮಿತಿ ಯಾವ ದಿನ ಕೂರುತ್ತದೆ ಎಂದು ಕೇಳಿಕೊಳ್ಳಿ, ಸ್ವೀಕೃತಿ ತೆಗೆದುಕೊಳ್ಳದೆ ಹೊರಡಬೇಡಿ.